ಹುಲಿಗೆಮ್ಮನ ತಲೆಸುತ್ತು ನನಗೆ ಬಂದದ್ದು

ನಮ್ಮವ್ವ ನನಗೆ ದೃಷ್ಟಿ ತೆಗೆಯುವಾಗಲೆಲ್ಲ ನಾನು ಕೈಯಲ್ಲಿ ಪುಸ್ತಕ ಹಿಡಿದು ಓದುತ್ತಲೇ ಕೂತಿರುತ್ತಿದ್ದೆ. ತಳಕಲ್ಲಿನ ನಮ್ಮ ಮನೆಯಲ್ಲಿ ಜ್ವರ ಬಂದರೂ ಉಪ್ಪು ಮೆಣಸಿನಕಾಯಿ, ಪರೀಕ್ಷೆ ಬಂದರೂ ಉಪ್ಪು ಮೆಣಸಿನಕಾಯಿ. ಒಲೆಗೆ ಹಾಕಿದ ಮೆಣಸಿನಕಾಯಿ ಘಾಟು ಬರಲಿಲ್ಲವೆಂದರೆ ದೃಷ್ಟಿ ವಿಪರೀತ ಆಗಿದೆ ಎಂದು ಅವಳು ಹೇಳುವಳು. ಗಾಳಿ ಕಿಟಕಿಯತ್ತ ಎಳೆಯುತ್ತಿದೆ, ಅದಕ್ಕೇ ಘಾಟಿಲ್ಲ ಎಂದು ನಾನು ಹೇಳುವೆ. ಮುಂದೆ ಕಿವಿ, ಮೂಗು, ಗಂಟಲಿನ ವೈದ್ಯನಾಗಿ ಗಂಗಾವತಿಯಲ್ಲಿ ದವಾಖಾನೆ ತೆರೆದ ಮೇಲಂತೂ ನನ್ನ ಅಪನಂಬಿಕೆಗೆ ಪದವಿಯ ಬಲವೂ ಸೇರಿತು. ರೋಗಿಗಳ ರಟ್ಟೆಯ ತಾಯತ ಕಂಡರೆ ಒಳಗೊಳಗೇ ನಗುತ್ತಿದ್ದೆ. ಕೆಲವೊಮ್ಮೆ ಹೊರಗೂ ನಕ್ಕು ಬೈಸಿಕೊಂಡಿದ್ದೇನೆ.

ಈಗಲೂ ನಾನು ತಾಯತ ಕಟ್ಟಿಕೊಂಡಿಲ್ಲ. ಆದರೆ ಕೆಲವು ವರ್ಷಗಳ ಹಿಂದಿನ ಒಂದು ಮುಂಜಾನೆಯ ವಿಷಯದಲ್ಲಿ ಮಾತ್ರ ನನ್ನ ಲೆಕ್ಕ ತಾಳೆಯಾಗುವುದಿಲ್ಲ. ಅದನ್ನು ನಡೆದ ಹಾಗೆಯೇ ಬರೆಯುತ್ತೇನೆ. ನಾನು ನೋಡದೆ ಬಿಟ್ಟ ಕಾರಣವೇನಾದರೂ ನಿಮ್ಮ ಕಣ್ಣಿಗೆ ಬಿದ್ದರೆ ಸಂತೋಷ.

ಕಾಲುವೆಗೆ ನೀರು ಬಿಟ್ಟು ಭತ್ತ ನಾಟಿ ಶುರುವಾಗಿದ್ದ ದಿನಗಳು. ಆ ಕಾಲದಲ್ಲಿ ನಮ್ಮ ದವಾಖಾನೆ ಖಾಲಿ ಹೊಡೆಯುತ್ತದೆ. ಸಸಿ ಹಚ್ಚುವುದು ಮುಗಿಯುವವರೆಗೆ ಈ ಭಾಗದ ಹೆಣ್ಣುಮಕ್ಕಳಿಗೆ ಕಾಯಿಲೆ ಬೀಳಲು ಪುರುಸೊತ್ತಿಲ್ಲ. ಅಂಥ ದಿನಗಳಲ್ಲಿ ಹುಲಿಗೆಮ್ಮ ಬಂದಳು. ಐವತ್ತು ದಾಟಿದ ಗಟ್ಟಿಮುಟ್ಟಾದ ಹೆಂಗಸು. ಗಂಗಾವತಿಯಿಂದ ಆಚೆಯ ಒಂದು ಕ್ಯಾಂಪಿನವಳು. ಕಾಲುವೆ ಬಂದ ಮೇಲೆ ಅದರ ದಂಡೆಯಲ್ಲಿ ಎದ್ದ ಸಣ್ಣ ಊರುಗಳಿಗೆ ನಮ್ಮ ಕಡೆ ಕ್ಯಾಂಪು ಎನ್ನುತ್ತಾರೆ. ಹದಿನಾಲ್ಕು ಹೆಂಗಸರ ನಾಟಿ ಗುಂಪಿಗೆ ಅವಳೇ ಮುಂದಾಳು. ಯಾವ ಗದ್ದೆಗೆ ಯಾವತ್ತು ಹೋಗಬೇಕು, ಕರೆದೊಯ್ಯುವ ಟಂಟಂ ಗಾಡಿ ಎಷ್ಟೊತ್ತಿಗೆ ಬರಬೇಕು, ಹಾಡು ಯಾರು ಎತ್ತಿಕೊಳ್ಳಬೇಕು ಎಲ್ಲ ಅವಳ ತೀರ್ಮಾನ. ಅಂಥವಳು ಆ ದಿನ ಸೊಸೆಯ ಭುಜ ಹಿಡಿದುಕೊಂಡು, ಕುತ್ತಿಗೆಗೆ ದಪ್ಪ ಪಟ್ಟಿ ಕಟ್ಟಿಕೊಂಡು, ತಲೆಯ ಮೇಲೆ ತುಂಬಿದ ಕೊಡ ಇದ್ದವಳ ಹಾಗೆ ಅಲುಗಾಡದೆ ನಡೆದು ಬಂದಳು.

ತಿಂಗಳಿಂದ ತಲೆಸುತ್ತು ಎಂದು ಸೊಸೆ ದುರುಗಮ್ಮ ಹೇಳಿದಳು. ಒಬ್ಬರು ರಕ್ತ ಕಡಿಮೆ ಎಂದು ಟಾನಿಕ್ ಕೊಟ್ಟಿದ್ದರು. ಒಬ್ಬರು ಬಿಪಿ ಎಂದಿದ್ದರು. ಇನ್ನೊಬ್ಬರು ಕುತ್ತಿಗೆಯ ಎಲುಬು ಸವೆದಿದೆ ಎಂದು ಆ ಪಟ್ಟಿ ಹಾಕಿಸಿದ್ದರು. ಅದೆಲ್ಲದರ ಜೊತೆಗೆ ರಟ್ಟೆಯಲ್ಲಿ ಎರಡು ತಾಯತ. ಗುಂಪು ಅವಳನ್ನು ಬಿಟ್ಟು ಕೆಲಸಕ್ಕೆ ಹೋಗತೊಡಗಿ ವಾರವಾಗಿತ್ತು. ಅವಳ ಅಕ್ಕ ಲಕ್ವಾ ಹೊಡೆದು ಮೂರು ವರ್ಷ ಹಾಸಿಗೆ ಹಿಡಿದು ತೀರಿಕೊಂಡಿದ್ದಳಂತೆ. ಹುಲಿಗೆಮ್ಮ ಬಾಯಿ ಬಿಟ್ಟು ಹೇಳದಿದ್ದರೂ ಅವಳ ಕಣ್ಣಲ್ಲಿ ಇದ್ದದ್ದು ಅದೇ ಭಯ.

ಯಾವಾಗ ಸುತ್ತುತ್ತದೆ ಎಂದು ಕೇಳಿದೆ. ಈ ಕಾಯಿಲೆಗೆ ಆ ಒಂದು ಪ್ರಶ್ನೆ ಯಂತ್ರಗಳಿಗಿಂತ ದೊಡ್ಡದು.

"ಮಲಗಿ ಬಲಕ್ಕ ಹೊಳ್ಳಿದ್ರ ಸಾಕ್ರಿ, ಮನಿ ಬೀಸೂಕಲ್ಲ ಆಗತೈತಿ. ಸಸಿ ಹಚ್ಚಾಕ ಬಗ್ಗಿದ್ರೂ ಅಷ್ಟ. ಇಪ್ಪತ್ತು ಎಣಸೂದ್ರಾಗ ನಿಂದರತೈತಿ. ಆದ್ರ ಆ ಇಪ್ಪತ್ತರಾಗ ನಾ ಸತ್ತು ಹುಟ್ಟತೀನ್ರಿ," ಎಂದಳು.

ಅರ್ಧ ರೋಗನಿದಾನ ಅಲ್ಲಿಗೇ ಮುಗಿಯಿತು. ನಮ್ಮ ಒಳಕಿವಿಯಲ್ಲಿ ಸುಣ್ಣದ ಅತಿ ಸಣ್ಣ ಹರಳುಗಳಿವೆ. ಅವು ತಮ್ಮ ಜಾಗದಲ್ಲಿ ಕೂತಿರುವವರೆಗೆ ಅವುಗಳ ಸುದ್ದಿ ನಮಗೆ ಗೊತ್ತಾಗುವುದೇ ಇಲ್ಲ. ವಯಸ್ಸಿನಿಂದಲೋ ತಲೆಗೆ ಪೆಟ್ಟು ಬಿದ್ದೋ ಕೆಲವು ಕಳಚಿಕೊಂಡು, ಪಕ್ಕದಲ್ಲಿರುವ ಕಮಾನಿನಂಥ ನಾಳಕ್ಕೆ ಇಳಿದುಬಿಡುತ್ತವೆ. ತಲೆ ಒಂದು ದಿಕ್ಕಿಗೆ ಹೊರಳಿದಾಗ ಅವು ನಾಳದಲ್ಲಿ ಜಾರುತ್ತವೆ. ನಿಂತ ಮನುಷ್ಯ ಗಿರಗಿರನೆ ತಿರುಗುತ್ತಿದ್ದಾನೆ ಎಂದು ಮೆದುಳಿಗೆ ಸುಳ್ಳು ಸುದ್ದಿ ಹೋಗುತ್ತದೆ. ಲಕ್ವಾಕ್ಕೂ ಇದಕ್ಕೂ ಸಂಬಂಧವಿಲ್ಲ. ಮಾತ್ರೆಯಿಂದ ಹರಳು ವಾಪಸು ಬರುವುದಿಲ್ಲ. ತಲೆಯನ್ನೇ ಕ್ರಮವಾಗಿ ಹೊರಳಿಸಿ ಅವನ್ನು ಬಂದ ದಾರಿಯಲ್ಲಿ ಹಿಂದಕ್ಕೆ ಉರುಳಿಸಬೇಕು.

ಕುತ್ತಿಗೆ ತಪಾಸಣೆ ಮಾಡಿ ಪಟ್ಟಿ ಬಿಚ್ಚಿಸಿದೆ. ಮಂಚದ ಮೇಲೆ ಕೂರಿಸಿ, ತಲೆಯನ್ನು ಬಲಕ್ಕೆ ತಿರುಗಿಸಿ, ಹಿಂದಕ್ಕೆ ಸರಕ್ಕನೆ ಮಲಗಿಸಿದೆ. ನಾಲ್ಕೈದು ಸೆಕೆಂಡು ಏನೂ ಇಲ್ಲ. ಆಮೇಲೆ ಕಣ್ಣುಗುಡ್ಡೆಗಳು ಮೇಲಕ್ಕೆ ಬಡಿಯುತ್ತ ಬಲಕ್ಕೆ ತಿರುಚತೊಡಗಿದವು. ಹುಲಿಗೆಮ್ಮ ನನ್ನ ಅಂಗಿಯನ್ನು ಹಿಡಿದ ಹಿಡಿತಕ್ಕೆ ಎರಡು ಗುಂಡಿ ಕಿತ್ತುಬಂದವು. ದಾಖಲೆಗೆಂದು ಮೊದಲೇ ಅವಳ ಒಪ್ಪಿಗೆ ಪಡೆದಿದ್ದರಿಂದ ನಮ್ಮ ನರ್ಸು ಆ ಕಣ್ಣಿನ ಚಲನೆಯನ್ನು ನನ್ನ ಫೋನಿನಲ್ಲಿ ವಿಡಿಯೊ ಮಾಡಿಕೊಂಡಳು. ಬಲಗಿವಿ, ಹಿಂಬದಿಯ ನಾಳ, ಸಂಶಯವಿಲ್ಲ.

ಚಿಕಿತ್ಸೆಯನ್ನು ಹಾಗೆಯೇ ಮುಂದುವರಿಸಿದೆ. ಸುತ್ತು ನಿಂತ ಮೇಲೆ ತಲೆಯನ್ನು ನಿಧಾನಕ್ಕೆ ಎಡಕ್ಕೆ ತಿರುಗಿಸಿ ಹಿಡಿಯುವುದು, ಆಮೇಲೆ ಇಡೀ ಮೈಯನ್ನು ಎಡಮಗ್ಗುಲಿಗೆ ಹೊರಳಿಸಿ ಮುಖ ನೆಲ ನೋಡುವ ಹಾಗೆ ಮಾಡುವುದು, ಕೊನೆಗೆ ಹಾಗೆಯೇ ಎಬ್ಬಿಸಿ ಕೂರಿಸುವುದು. ಪ್ರತಿ ಹಂತದಲ್ಲಿ ಅರ್ಧ ನಿಮಿಷಕ್ಕೂ ಹೆಚ್ಚು ತಡೆಯಬೇಕು. ಎರಡು ಸಲ ಮಾಡಿ, ಮೂರನೆಯ ಸಲ ಬರೀ ಪರೀಕ್ಷೆಗೆಂದು ಮಲಗಿಸಿದಾಗ ಕಣ್ಣುಗಳು ನಿಶ್ಚಲವಾಗಿದ್ದವು.

ಹುಲಿಗೆಮ್ಮ ಎದ್ದು ನಿಂತಳು. ನನ್ನ ಮಾತಿನ ಮೇಲೆ ಅವಳಿಗೆ ನಂಬಿಕೆ ಬರಲಿಲ್ಲ. ಸೀರೆಯ ನೆರಿಗೆ ಎತ್ತಿ ಕಟ್ಟಿ, ಸೊಂಟ ಬಗ್ಗಿಸಿ, ಕೈಯಲ್ಲಿ ಇಲ್ಲದ ಸಸಿಯನ್ನು ನನ್ನ ಕೋಣೆಯ ಟೈಲ್ಸಿನ ಮೇಲೆ ಹಚ್ಚುತ್ತ ಹಿಂದಕ್ಕೆ ಸರಿಯತೊಡಗಿದಳು. ಮೇಜಿನಿಂದ ಬಾಗಿಲಿನವರೆಗೆ ಒಂದು ಸಾಲು ಹಚ್ಚಿ ಮುಗಿಸಿದಳು. ಆಮೇಲೆ ನೆಟ್ಟಗಾಗಿ, ತಿಂಗಳಲ್ಲಿ ಮೊದಲ ಸಲವೋ ಏನೋ, ನಕ್ಕಳು.

ಅಷ್ಟಕ್ಕೇ ಹೋಗಿದ್ದರೆ ಇದನ್ನು ಬರೆಯುವ ಪ್ರಸಂಗ ಬರುತ್ತಿರಲಿಲ್ಲ. ತನ್ನೊಳಗೆ ಏನಾಗಿತ್ತು ಎಂದು ಕೇಳಿದಳು. ಕಿವಿಯೊಳಗಿನ ಕಾಲುವೆಗೆ ಉಸುಕು ಇಳಿದಿತ್ತು, ತೆಗೆದೆ ಎಂದೆ. ಕಾಲುವೆಯವಳಿಗೆ ಅದು ತಕ್ಷಣ ಅರ್ಥವಾಯಿತು. ಅರ್ಥವಾದದ್ದೇ ತೊಂದರೆಯಾಯಿತು.

"ಕಾಲುವಿ ಹೂಳು ತಗದ್ರ ದಂಡಿಗೆ ಹಾಕ್ತಾರ. ನಿವಾಳಿಸಿದ್ದು ಮೂರು ಹಾದಿ ಕೂಡೂ ಕಡೆ ಒಗೀತಾರ. ನೀವು ನನ್ನ ಕಡಿಂದ ತಗದದ್ದನ್ನ ಎಲ್ಲಿ ಹಾಕಿದ್ರಿ?"

ಅದು ಅಲ್ಲೇ ಕಿವಿಯೊಳಗಿನ ಸ್ವಂತ ಜಾಗಕ್ಕೆ ಹೋಯಿತು ಎಂದೆ. ಹಾಗಾದರೆ ಇನ್ನೂ ತನ್ನೊಳಗೇ ಇದೆಯೇ ಎಂದು ಅವಳ ಮುಖ ಸಣ್ಣದಾಯಿತು. ಕರಗುತ್ತದೆ ಎಂದೆ, ಒಪ್ಪಲಿಲ್ಲ. ಊಟದ ಹೊತ್ತು ಮೀರುತ್ತಿತ್ತು. ನಾನು ನಗುತ್ತ ಅವಳ ಕೈ ತಟ್ಟಿ ಹೇಳಿದೆ:

"ನನ್ನ ಕಡೀನ ಇಟ್ಕೊಂಡೀನಿ ಬಿಡವ್ವ. ನೀ ಆರಾಮ ಹೋಗು."

ದುರುಗಮ್ಮ ನಕ್ಕಳು. ಹುಲಿಗೆಮ್ಮ ನಗಲಿಲ್ಲ. ನನ್ನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿ, "ಹಂಗ ಅನಬಾರದ್ರಿ," ಎಂದಷ್ಟೇ ಹೇಳಿ ಹೊರಟಳು.

ಮರುದಿನ ನಾನು ಕುಷ್ಟಗಿಯ ಒಂದು ಶಾಲೆಗೆ ಮಕ್ಕಳ ಕಿವಿ ತಪಾಸಣೆಗೆ ಹೋಗಬೇಕಿತ್ತು. ಐದೂವರೆಗೆ ಅಲಾರಂ ಇಟ್ಟು ಮಲಗಿದ್ದೆ. ಅಲಾರಂ ಇನ್ನೇನು ಹೊಡೆಯಬೇಕು, ಅದನ್ನು ಮೊದಲೇ ನಿಲ್ಲಿಸೋಣವೆಂದು ಬಲಕ್ಕೆ ಹೊರಳಿ ಕೈ ಚಾಚಿದೆ. ನಾಲ್ಕೈದು ಸೆಕೆಂಡು ಏನೂ ಇಲ್ಲ. ಆಮೇಲೆ ಫ್ಯಾನು, ಕಪಾಟು, ಕಿಟಕಿಯ ಸಣ್ಣ ಬೆಳಕು ಎಲ್ಲ ಸೇರಿ ಒಂದೇ ದಿಕ್ಕಿಗೆ ಉರುಳತೊಡಗಿದವು.

ನಿಜ ಹೇಳಿಬಿಡುತ್ತೇನೆ. ನೂರಾರು ಜನರನ್ನು ಅದೇ ಸುತ್ತಿಗೆ ಒಡ್ಡಿ, ಮಂಚದ ಪಕ್ಕ ನಿಂತು, ಏನೂ ಆಗುವುದಿಲ್ಲ ಹೆದರಬೇಡಿ ಎಂದು ಹೇಳಿದವನು ನಾನು. ಏನಾಗುತ್ತಿದೆ, ಯಾಕಾಗುತ್ತಿದೆ, ಎಷ್ಟು ಹೊತ್ತಿಗೆ ನಿಲ್ಲುತ್ತದೆ ಎಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದರಿಂದ ಏನೂ ಪ್ರಯೋಜನವಾಗಲಿಲ್ಲ. ಎರಡೂ ಕೈಯಲ್ಲಿ ಮಂಚದ ಅಂಚು ಹಿಡಿದು "ಯವ್ವಾ" ಎಂದು ಕೂಗಿದೆ. ಅದೇ ಹೊತ್ತಿಗೆ ಅಲಾರಂ ಹೊಡೆಯತೊಡಗಿತು. ನಿಲ್ಲಿಸುವ ಧೈರ್ಯ ನನಗಿರಲಿಲ್ಲ.

ನನ್ನ ಹೆಂಡತಿ ಸುಜಾತಾ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಾಳೆ, ಯಾವುದಕ್ಕೂ ಗಾಬರಿಯಾಗುವವಳಲ್ಲ. ದೀಪ ಹಾಕಿ, ಅಲಾರಂ ನಿಲ್ಲಿಸಿ, ನನ್ನ ಮುಖ ನೋಡಿ ಪಕ್ಕದಲ್ಲಿ ಕೂತಳು. "ಎಷ್ಟು ಮಂದಿಗೆ ಹೆದರಬ್ಯಾಡ್ರಿ ಅಂತ ಹೇಳೀರಿ. ಇವತ್ತ ನಿಮಗ ನಾ ಹೇಳತೀನಿ, ಹೆದರಬ್ಯಾಡ್ರಿ," ಎಂದಳು. ಹಿಂದಿನ ದಿನದ ಸಂಗತಿ ಅವಳಿಗೆ ಊಟದ ಹೊತ್ತಿನಲ್ಲೇ ಹೇಳಿದ್ದೆ, ನನ್ನ ಚಮತ್ಕಾರದ ಉತ್ತರವನ್ನೂ ಸೇರಿಸಿ. ಅವಳು ಈಗ ಅದನ್ನು ಎತ್ತಲಿಲ್ಲ. ಆದರೆ ಅವಳ ತುಟಿ ನಗು ತಡೆದುಕೊಳ್ಳುತ್ತಿದ್ದದ್ದು ಆ ಸ್ಥಿತಿಯಲ್ಲೂ ನನಗೆ ಕಂಡಿತು.

ಈ ಕಾಯಿಲೆಯಲ್ಲಿ ರೋಗಿಗೆ ತನ್ನ ಕಣ್ಣನ್ನು ತಾನು ನೋಡಲಾಗುವುದಿಲ್ಲ. ಹೀಗಾಗಿ ನಾನು ಹೇಳಿಕೊಟ್ಟಂತೆ ಅವಳು ನನ್ನನ್ನು ಬಲಕ್ಕೆ ಮಲಗಿಸಿ ಫೋನಿನಲ್ಲಿ ವಿಡಿಯೊ ತೆಗೆದಳು. ಸುತ್ತು ನಿಂತ ಮೇಲೆ ದಿಂಬಿಗೆ ಒರಗಿ ನೋಡಿದೆ. ಬಲಗಿವಿ. ಹಿಂಬದಿಯ ನಾಳ. ಸುಮ್ಮನೆ ಕುತೂಹಲಕ್ಕೆ ಹುಲಿಗೆಮ್ಮನ ವಿಡಿಯೊವನ್ನೂ ತೆರೆದೆವು. ಶುರುವಾಗುವ ಮುನ್ನಿನ ವಿರಾಮ, ಬಡಿತದ ಲಯ, ನಿಲ್ಲುವ ಹೊತ್ತು ಎಲ್ಲ ಅದೇ. ಸುಜಾತಾ ಎರಡನ್ನೂ ಎಣಿಸಿ ನೋಡಿದಳು, ಒಂದು ಸೆಕೆಂಡಿನ ವ್ಯತ್ಯಾಸವಿಲ್ಲ ಎಂದಳು. ಈ ಕಾಯಿಲೆ ಎಲ್ಲರಲ್ಲೂ ಹೆಚ್ಚುಕಡಿಮೆ ಹೀಗೆಯೇ ಕಾಣುತ್ತದೆ ಎಂದು ನಾನು ವಾದಿಸಿದೆ. ವಾದಿಸುತ್ತಲೇ ಎರಡನ್ನೂ ಮತ್ತೊಮ್ಮೆ ಓಡಿಸಿ ನೋಡಿದೆ.

ಆಮೇಲೆ ಅವಳ ಕೈಯಿಂದಲೇ ಚಿಕಿತ್ಸೆ. ನಾನು ಎಡಕ್ಕೆ ಎಂದರೆ ಅವಳು ತನ್ನ ಎಡಕ್ಕೆ ತಿರುಗಿಸಿದಳು. ನಿಧಾನ ಎಂದರೆ ನಿಲ್ಲಿಸಿಯೇ ಬಿಟ್ಟಳು. ಎರಡನೆಯ ಸಲ ನಾನು ಮಂಚದಿಂದ ಅರ್ಧ ಜಾರಿದೆ. ಮೂರನೆಯ ಸಲಕ್ಕೆ ರಾತ್ರಿ ಉಂಡದ್ದೆಲ್ಲ ಹೊರಗೆ ಬಂತು. ಏಳು ಗಂಟೆಯ ಹೊತ್ತಿಗೆ ನಾನು ಗೋಡೆಗೆ ಒರಗಿ, ಹುಲಿಗೆಮ್ಮ ನಡೆದು ಬಂದಿದ್ದಳಲ್ಲ, ಅದೇ ರೀತಿ ಕತ್ತು ಅಲುಗಿಸದೆ ಕೂತಿದ್ದೆ. ಕುಷ್ಟಗಿಗೆ ಫೋನ್ ಮಾಡಿ ಬರಲಾಗುವುದಿಲ್ಲ ಎಂದು ಹೇಳುವುದೊಂದೇ ಬಾಕಿ.

ಏಳೂವರೆಗೆ ಬಾಗಿಲ ಗಂಟೆ ಸದ್ದಾಯಿತು. ಸುಜಾತಾ ಹೋಗಿ ತೆರೆದಳು. ಹೊರಗೆ ಒಬ್ಬ ಹೆಂಗಸು, ಹೆಗಲಿಗೆ ಒಂದು ಕೈಚೀಲ.

"ಡಾಕ್ಟ್ರು ಹ್ಯಾಂಗದಾರ್ರಿ?" ಎಂದು ಕೇಳಿದಳಂತೆ.

ಆ ಪ್ರಶ್ನೆಯನ್ನು ಸುಜಾತಾ ಇವತ್ತಿಗೂ ನೆನೆಯುತ್ತಾಳೆ. ಮನೆಗೆ ಬಂದ ರೋಗಿಗಳು ಡಾಕ್ಟರು ಇದ್ದಾರೆಯೇ ಎಂದು ಕೇಳುತ್ತಾರೆ. ಹೇಗಿದ್ದಾರೆ ಎಂದು ಕೇಳಿದವಳು ಅವಳೊಬ್ಬಳೇ. ಆ ಹೊತ್ತಿಗೆ ನನಗೆ ಹುಷಾರಿಲ್ಲವೆಂಬುದು ನಮ್ಮಿಬ್ಬರನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ನಾವು ಯಾರಿಗೂ ಫೋನ್ ಮಾಡಿರಲಿಲ್ಲ. ಅವಳು ಮೊದಲು ದವಾಖಾನೆಗೆ ಹೋಗಿ, ಅಲ್ಲಿನ ಕಾವಲುಗಾರನಿಂದ ಮನೆ ಕೇಳಿಕೊಂಡು ಬಂದಿದ್ದಳು. ಅವನಿಗೂ ಏನೂ ಗೊತ್ತಿರಲಿಲ್ಲ.

ಒಳಗೆ ಬಂದ ಹುಲಿಗೆಮ್ಮ ನನ್ನನ್ನು ನೋಡಿ ಆಶ್ಚರ್ಯಪಡಲಿಲ್ಲ. ಮಕ್ಕಳು ಹೇಳಿದ ಮಾತು ಕೇಳದೆ ಬಿದ್ದು ಬಂದರೆ ತಾಯಂದಿರು ನೋಡುತ್ತಾರಲ್ಲ, ಹಾಗೆ ನೋಡಿದಳು. "ಬಲಕ್ಕ ಹೌದಲ್ರಿ?" ಎಂದಳು. ಹೌದು ಎಂದೆ. ಕೈಚೀಲ ಮೂಲೆಗಿಟ್ಟು, ಕೈಕಾಲು ತೊಳೆದು ಬಂದು, ಮಂಚದ ತಲೆದಿಕ್ಕಿಗೆ ನಿಂತಳು. ನಾನು ಹೇಗೆ ಮಾಡಬೇಕೆಂದು ವಿವರಿಸಲು ಹೊರಟೆ. "ನೀವು ಸುಮ್ಮನಿರ್ರಿ. ನಿನ್ನಿ ಮಾಡಿದ್ದು ನನ್ನ ಮೈಗೆ ನೆನಪೈತಿ," ಎಂದಳು.

ಅಷ್ಟು ಭರವಸೆಯ ಕೈಗಳನ್ನು ನಾನು ನಮ್ಮ ಕಾಲೇಜಿನಲ್ಲೂ ಕಂಡಿರಲಿಲ್ಲ. ನಾಲ್ಕು ದಶಕ ಸಸಿಯ ಬೇರು ಮುರಿಯದಂತೆ ಹಿಡಿದ ಬೆರಳುಗಳು ನನ್ನ ತಲೆಯನ್ನು ಹಿಡಿದವು. ಬಲಕ್ಕೆ ತಿರುಗಿಸಿ ಹಿಂದಕ್ಕೆ ಇಳಿಸಿದಳು. ಲೋಕ ಉರುಳಿತು. ಅವಳು ಮೆಲ್ಲಗೆ ನಾಟಿಯ ಹಾಡೊಂದರ ಒಂದು ನುಡಿ ಗುನುಗಿ ಮುಗಿಸುವವರೆಗೆ ಹಿಡಿದಿದ್ದು, ಆಮೇಲೆ ಎಡಕ್ಕೆ ತಿರುಗಿಸಿದಳು. ಮತ್ತೊಂದು ನುಡಿ. ಮೈ ಹೊರಳಿಸಿ ಮುಖ ನೆಲಕ್ಕೆ ಮಾಡಿದಳು. ಮತ್ತೊಂದು ನುಡಿ. ಪಕ್ಕದಲ್ಲಿ ಗಡಿಯಾರ ನೋಡುತ್ತಿದ್ದ ಸುಜಾತಾ ಆಮೇಲೆ ಹೇಳಿದಳು, ಪ್ರತಿ ನುಡಿಯೂ ನಲವತ್ತು ಸೆಕೆಂಡಿನ ಆಸುಪಾಸಿನಲ್ಲೇ ಇತ್ತಂತೆ. ಕೊನೆಗೆ ಎಬ್ಬಿಸಿ ಕೂರಿಸಿ, ಗದ್ದ ಕೆಳಗೆ ಮಾಡಿ ಹಿಡಿದಳು. ಆಮೇಲೆ ಮತ್ತೊಮ್ಮೆ ಬಲಕ್ಕೆ ಮಲಗಿಸಿದಳು. ನಾನು ಕಣ್ಣು ಮುಚ್ಚಿ ಕಾದೆ. ಫ್ಯಾನು ಇದ್ದಲ್ಲೇ ಇತ್ತು. ಕಪಾಟು ಇದ್ದಲ್ಲೇ ಇತ್ತು.

ನಾನು ಧನ್ಯವಾದ ಹೇಳುವಷ್ಟರಲ್ಲಿ ಅವಳು ನನ್ನ ತಲೆಯಿಂದ ಕಾಲಿನವರೆಗೆ ಮುಟ್ಟದೆ ಕೈ ಇಳಿಸಿ, ಎರಡೂ ಮುಷ್ಟಿ ಬಿಗಿಹಿಡಿದಿದ್ದಳು. ಚೀಲವನ್ನು ಮೊಣಕೈಗೆ ಏರಿಸಿಕೊಂಡು ಹಾಗೆಯೇ ಹೊರಟಳು. ಚಹಾಕ್ಕೆ ಇಟ್ಟಿದ್ದೇನೆ ನಿಲ್ಲಿ ಎಂದು ಸುಜಾತಾ ಬೆನ್ನು ಹತ್ತಿ ಗೇಟಿನವರೆಗೆ ಹೋದಳು. ಹುಲಿಗೆಮ್ಮ ನಮ್ಮ ಓಣಿಯ ತುದಿಯಲ್ಲಿ, ಟ್ರಾನ್ಸ್‌ಫಾರ್ಮರ್ ಹತ್ತಿರ ಮೂರು ರಸ್ತೆ ಕೂಡುವಲ್ಲಿ ನಿಂತು, ಮುಷ್ಟಿ ಬಿಚ್ಚಿ ಕೊಡವಿ, ಹಿಂದೆ ತಿರುಗಿ ನೋಡದೆ ಬಸ್ ನಿಲ್ದಾಣದ ದಾರಿ ಹಿಡಿದಳಂತೆ. ಸುಜಾತಾ ವಾರಗಟ್ಟಲೆ ಸ್ಕೂಟಿಯನ್ನು ಆ ಟ್ರಾನ್ಸ್‌ಫಾರ್ಮರ್‌ನಿಂದ ದೂರ ಸುತ್ತಿಸಿ ಓಡಿಸುತ್ತಿದ್ದಳು. ಕೇಳಿದರೆ ಅಲ್ಲಿ ಗುಂಡಿ ಬಿದ್ದಿದೆ ಎನ್ನುತ್ತಿದ್ದಳು. ಗುಂಡಿ ಇರಲಿಲ್ಲ.

ಆ ದಿನ ನಾನು ಕುಷ್ಟಗಿಗೆ ಒಂದು ಗಂಟೆ ತಡವಾಗಿ ಹೋದೆ. ಸುಜಾತಾಳೇ ಕಾರು ಓಡಿಸಿದಳು. ದಾರಿಯುದ್ದಕ್ಕೂ ನಾನು ಕಾರಣ ಹುಡುಕಿದೆ. ಈ ಕಾಯಿಲೆ ಸಾಮಾನ್ಯ, ನನ್ನ ವಯಸ್ಸಿನವರಿಗೆ ಬರಬಹುದು. ಹಿಂದಿನ ವಾರ ಕಾರಿನ ಡಿಕ್ಕಿಯ ಬಾಗಿಲು ನನ್ನ ನೆತ್ತಿಗೆ ಬಡಿದಿತ್ತು, ಅದರಿಂದಲೂ ಹರಳು ಕಳಚಬಹುದು. ಕಿವಿಗಳು ಎರಡೇ ಇರುವುದರಿಂದ ಬಲಗಿವಿಯೇ ಆದದ್ದು ಅಂಥ ಸೋಜಿಗವಲ್ಲ. ವಾಸಿಯಾದದ್ದು ನಾನು ಕಲಿತ ವಿಧಾನದಿಂದಲೇ. ಮಾಡಿದ ಕೈ ಬೇರೆ, ಅಷ್ಟೇ. ಸುಜಾತಾ ಎಲ್ಲಕ್ಕೂ ಹೂಂಗುಟ್ಟಿ ಕೊನೆಗೆ ಒಂದೇ ಮಾತು ಹೇಳಿದಳು: "ಆಕಿ ಎಷ್ಟೊತ್ತಿಗೆ ಮನಿ ಬಿಟ್ಟಿರಬೇಕು, ಅದನ್ನ ಲೆಕ್ಕ ಹಾಕ್ರಿ."

ಹಾಕಿದೆ. ಆ ಕ್ಯಾಂಪಿಗೆ ಬಸ್ಸಿಲ್ಲ. ಡಾಂಬರು ರಸ್ತೆಗೆ ಮುಕ್ಕಾಲು ಗಂಟೆಯ ಕಾಲ್ನಡಿಗೆ. ಅಲ್ಲಿಂದ ಹಿಡಿಯಬಹುದಾದ ಮೊದಲ ಬಸ್ಸು ಆರಕ್ಕೆ ಮುಂಚೆ, ಅದರ ಮುಂದಿನದು ಏಳರ ಮೇಲೆ. ಹೇಗೆ ಕೂಡಿಸಿ ಕಳೆದರೂ ಅವಳು ಐದು ಗಂಟೆಗೆಲ್ಲ ಮನೆ ಬಿಟ್ಟಿರಬೇಕು. ನಾನು ಅಲಾರಂಗೆ ಕೈ ಚಾಚಿದ್ದು ಐದೂವರೆಗೆ. ಅಂದರೆ ಅವಳು ಹೊರಟಾಗ ನಾನು ಯಾವ ತೊಂದರೆಯೂ ಇಲ್ಲದೆ ನಿದ್ದೆ ಹೊಡೆಯುತ್ತಿದ್ದೆ.

ಹದಿನೈದು ದಿನ ತಡೆದು ನೋಡಿದೆ. ಅವಳು ಮರುತಪಾಸಣೆಗೆ ಬರಲಿಲ್ಲ. ಒಂದು ಭಾನುವಾರ ನಾನೇ ಆ ಕ್ಯಾಂಪಿಗೆ ಹೋದೆ. ಗುಂಪು ಕಾಲುವೆಯ ಕೆಳಗಿನ ಗದ್ದೆಯಲ್ಲಿತ್ತು. ಬದುವಿನ ಮೇಲೆ ಸಸಿಯ ಕಟ್ಟು ಬಿಚ್ಚುತ್ತಿದ್ದ ದುರುಗಮ್ಮನನ್ನು ಮೊದಲು ಕೇಳಿದೆ. ಆ ದಿನ ಅತ್ತೆ ಕೋಳಿ ಕೂಗುವ ಮೊದಲೇ ಎದ್ದು, ಡಾಕ್ಟರಿಗೆ ಆರಾಮಿಲ್ಲ ಹೋಗಿಬರುತ್ತೇನೆ ಎಂದು ಹೇಳಿ ಹೊರಟಳು, ಫೋನ್ ಏನೂ ಬಂದಿರಲಿಲ್ಲ ಎಂದಳು. ಗಂಗಾವತಿಯಲ್ಲಿ ಬೇರೆ ಕೆಲಸವೇನಾದರೂ ಇತ್ತೇ, ಸಂತೆಯೋ ಬೀಜದ ಅಂಗಡಿಯೋ ಎಂದು ಕೇಳಿದೆ. ಏನೂ ಇರಲಿಲ್ಲವಂತೆ. ಅಂದಿನ ನಾಟಿಯ ಅರ್ಧ ದಿನ ಅವಳಿಗೆ ತಪ್ಪಿತ್ತು.

ಹದಿನಾಲ್ಕು ಹೆಂಗಸರ ಸಾಲಿನ ನಡುವೆ ಹುಲಿಗೆಮ್ಮ ತಲೆ ಕೆಳಗೆ ಮಾಡಿ, ನೀರಲ್ಲಿ ಸಸಿ ಊರುತ್ತ, ಹಿಂದಕ್ಕೆ ಸರಿಯುತ್ತಿದ್ದಳು. ಪಟ್ಟಿ ಇಲ್ಲ, ಯಾರ ಭುಜವೂ ಇಲ್ಲ. ಮಾತು ಕೇಳಿಸಬೇಕೆಂದರೆ ನಾನೂ ಬದುವಿನ ಮೇಲೆ ಅವಳ ಜೊತೆಗೇ ಹಿಂದೆ ಹಿಂದೆ ಹೆಜ್ಜೆ ಇಡಬೇಕಾಯಿತು. ಸುತ್ತಮುತ್ತಲ ಹೆಂಗಸರು ಅದನ್ನು ನೋಡಿ ಬಿದ್ದು ಬಿದ್ದು ನಕ್ಕರು. ನಾನು ಸಂಕೋಚ ಬಿಟ್ಟು ಕೇಳಿಯೇ ಬಿಟ್ಟೆ. ನನಗೆ ಹುಷಾರು ತಪ್ಪುವ ಮೊದಲೇ ನೀನು ಹೇಗೆ ಹೊರಟೆಯವ್ವಾ ಎಂದೆ.

ಅವಳು ತಲೆ ಎತ್ತಲಿಲ್ಲ. ಕೈಯಲ್ಲಿದ್ದ ಸಸಿ ಮುಗಿಯುವವರೆಗೆ ಹಚ್ಚಿ, ಹೊಸ ಕಟ್ಟಿಗೆ ಕೈ ಚಾಚುತ್ತ ಹೇಳಿದಳು:

"ಅದರಾಗೇನೈತ್ರಿ ತಿಳಕೊಳ್ಳೂದು? ಎಚ್ಚರಾತು, ಬಂದೆ."

ಅವಳು ಏನನ್ನೂ ಮುಚ್ಚಿಡುತ್ತಿರಲಿಲ್ಲ. ಅವಳಿಗೆ ಅಲ್ಲಿ ಹೇಳಲು ಅದಕ್ಕಿಂತ ಹೆಚ್ಚೇನೂ ಇರಲಿಲ್ಲವೆಂದು ಅವಳ ಧ್ವನಿಯಲ್ಲೇ ತಿಳಿಯುತ್ತಿತ್ತು. ಮತ್ತೊಂದು ಪ್ರಶ್ನೆ ಜೋಡಿಸಿಕೊಳ್ಳುವಷ್ಟರಲ್ಲಿ ಸಾಲು ಬದುವಿನ ತುದಿ ಮುಟ್ಟಿತು, ಯಾರೋ ಹಾಡು ಎತ್ತಿಕೊಂಡರು. ಹುಲಿಗೆಮ್ಮ ಒಮ್ಮೆ ನೆಟ್ಟಗಾಗಿ ನನ್ನ ಬೂಟು ನೋಡಿ, ಅಲ್ಲಿ ಬದು ಮೆತ್ತಗಿದೆ, ಈಚೆ ಬರ್ರಿ ಎಂದಳು. ಅವಳು ಹೇಳಿ ಮುಗಿಸುವ ಮೊದಲೇ ನನ್ನ ಬಲಗಾಲು ಮೊಣಕಾಲಿನವರೆಗೆ ಕೆಸರಿಗೆ ಇಳಿದಿತ್ತು.